ತಮ್ಮನ ಹೆಸರು ಕಲ್ಲಿನ ಮೇಲೆ ಬರುವವರೆಗೆ

ನನ್ನ ತಮ್ಮ ಸೇನೆಯಲ್ಲಿದ್ದ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಎಂಇಜಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಸೆಂಟರ್‌ನಲ್ಲಿ ಟ್ರೇನಿಂಗ್ ಮುಗಿಸಿ ಸ್ಯಾಪರ್ ಆದವನು. ಬೇರೆ ಕಡೆ ಸಿಪಾಯಿ ಅಂತಾರಲ್ಲ, ಎಂಜಿನಿಯರ್ಸ್‌ನಲ್ಲಿ ಅದೇ ದರ್ಜೆಗೆ ಸ್ಯಾಪರ್ ಅನ್ನುತ್ತಾರೆ. ಸಿಯಾಚಿನ್ ಕಡೆ ಡ್ಯೂಟಿಯಲ್ಲಿದ್ದಾಗ ಹಿಮ ಕುಸಿದು ತೀರಿಕೊಂಡ. ಮದುವೆ ಆಗಿರಲಿಲ್ಲ.

ಅವನ ನೆನಪಿನ ಕಲ್ಲು ಹೋದ ತಿಂಗಳು ನಮ್ಮೂರಲ್ಲಿ ನಿಂತಿತು. ಅದಕ್ಕೆ ಸ್ವಲ್ಪ ಮುಂಚೆ ಅವ್ವ, ಅಪ್ಪ, ನಾನು ದೆಹಲಿಗೆ ಹೋಗಿ ಯುದ್ಧ ಸ್ಮಾರಕದ ಗೋಡೆಯ ಮೇಲೆ ಅವನ ಹೆಸರು ನೋಡಿ ಬಂದೆವು. ಇಷ್ಟಾಗುವ ಹೊತ್ತಿಗೆ ನಾವು ಹತ್ತಿದ ಕಚೇರಿ, ಬರೆದ ಅರ್ಜಿ, ಕಾದ ಕಾಯುವಿಕೆ ಎಲ್ಲ ಸೇರಿ ಒಂದು ಫೈಲ್ ದಪ್ಪ ಆಗಿದೆ. ಮೊನ್ನೆ ನಮ್ಮ ಹಾಗೇ ಸೇನೆಯಲ್ಲಿದ್ದ ಹುಡುಗನನ್ನು ಕಳೆದುಕೊಂಡ ಪಕ್ಕದ ತಾಲ್ಲೂಕಿನ ಒಂದು ಮನೆಯಿಂದ ಫೋನ್ ಬಂತು. "ಅಕ್ಕಾ, ಮೊದಲು ಯಾವ ಆಫೀಸಿಗೆ ಹೋಗಬೇಕು?" ಅಂತ ಆ ಹುಡುಗನ ತಂಗಿ ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಫೋನ್ ಬಂದದ್ದು ಅಪ್ಪನಿಗೆ. ಆಗ ಅವರು ಆಲೆಮನೆಯಲ್ಲಿದ್ದರು. ಆ ಕಡೆಯವರು ಹಿಂದಿಯಲ್ಲಿ ಮಾತಾಡಿದರು, ಅಪ್ಪನಿಗೆ ಹಿಂದಿ ಬರುವುದಿಲ್ಲ. ಆಮೇಲೆ ತಮಿಳು ಬೆರೆತ ಕನ್ನಡದಲ್ಲಿ ಇನ್ನೊಬ್ಬರು ಮಾತಾಡಿದರು. "ನಮ್ಮ ತಂಬಿ ಹಿಮದ ಕೆಳಗೆ ಸಿಕ್ಕಿಕೊಂಡಿದ್ದಾನೆ, ಹುಡುಕುತ್ತಿದ್ದೇವೆ" ಅಂದರಂತೆ. ಎಂಇಜಿಯವರು ತಮ್ಮ ಜವಾನರನ್ನೆಲ್ಲ ತಂಬಿ ಅಂತಲೇ ಕರೆಯುವುದು.

ಸಂಜೆಯಷ್ಟರಲ್ಲಿ ಟಿವಿಯಲ್ಲಿ ಬಂತು. 2016ರ ಫೆಬ್ರುವರಿಯ ಕಥೆಯನ್ನೂ ಅದರ ಜೊತೆಗೇ ತೋರಿಸುತ್ತಿದ್ದರು. ಧಾರವಾಡ ಜಿಲ್ಲೆ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದ ಅಡಿಯಲ್ಲಿದ್ದು ಜೀವಂತ ಸಿಕ್ಕಿದ್ದರಲ್ಲ, ಅದು. ಅವ್ವ ಅದನ್ನೇ ಹಿಡಿದುಕೊಂಡಳು. "ಅವರು ಸಿಕ್ಕಿರಲಿಲ್ವಾ? ನನ್ ಮಗನೂ ಸಿಕ್ತಾನೆ." ಹಾಗೆ ಸಿಕ್ಕಿದ ಹನುಮಂತಪ್ಪನವರು ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು ಎಂಬುದನ್ನು ಯಾರೂ ಅವಳಿಗೆ ನೆನಪಿಸಲಿಲ್ಲ. ನಾನೂ ಸುಮ್ಮನಿದ್ದೆ.

ದೇಹ ಸಿಕ್ಕಿತು ಎಂಬ ಸುದ್ದಿ ಬಂದ ಮೇಲೂ ಕಾಯಬೇಕು. ಮೇಲೆ ಹವಾಮಾನ ಸರಿ ಇಲ್ಲದಿದ್ದರೆ ಹೆಲಿಕಾಪ್ಟರ್ ಹಾರುವುದಿಲ್ಲ. ಅಲ್ಲಿಂದ ಲೇಹ್, ಲೇಹ್‌ನಿಂದ ದೆಹಲಿ, ದೆಹಲಿಯಿಂದ ಬೆಂಗಳೂರು, ಆಮೇಲೆ ರಸ್ತೆ. ನಾಳೆ ಅನ್ನುತ್ತಾರೆ, ನಾಳೆ ಆಗುವುದಿಲ್ಲ. ಮನೆ ತುಂಬ ಜನ. ಒಲೆ ಹಚ್ಚಿರಲಿಲ್ಲ, ಪಕ್ಕದ ಮನೆಯವರೇ ಕಾಫಿ, ಉಪ್ಪಿಟ್ಟು ತಂದುಕೊಡುತ್ತಿದ್ದರು. ಅದರ ನಡುವೆ ಒಂದು ರಾತ್ರಿ ಅಪ್ಪ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಗದ್ದೆಯಲ್ಲಿದ್ದರು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಿತ್ತು, ಕಬ್ಬಿಗೆ ನೀರು ಬಿಡುತ್ತಿದ್ದರು. ಬೈಯಲು ಹೋದ ಚಿಕ್ಕಪ್ಪ ತಾವೇ ಗುದ್ದಲಿ ಹಿಡಿದು ಮಡವೆ ತಿರುಗಿಸಲು ನಿಂತರು.

ಈ ದಿನಗಳಲ್ಲಿ ಮನೆಯವರು ಮಾಡಬೇಕಾದ ಕೆಲಸ ಒಂದೇ. ಫೋನ್ ಎತ್ತುವುದಕ್ಕೆ ಒಬ್ಬರನ್ನು ನೇಮಿಸಿ. ಸ್ವಲ್ಪ ಹಿಂದಿ ಬರುವವರಾದರೆ ಒಳ್ಳೆಯದು. ಅವರ ಹತ್ತಿರ ಒಂದು ನೋಟ್‌ಬುಕ್ ಇರಲಿ, ಮೊದಲ ಪುಟದಲ್ಲಿ ಹುಡುಗನ ಸರ್ವಿಸ್ ನಂಬರ್ ಇರಲಿ. ಸೇನೆಯ ಯಾವ ಕಚೇರಿಗೆ ಫೋನ್ ಮಾಡಿದರೂ ಮೊದಲು ಕೇಳುವುದು ಹೆಸರಲ್ಲ, ನಂಬರ್. ಯಾರು ಮಾತಾಡಿದರು, ಯಾವ ಹುದ್ದೆ, ಏನು ಹೇಳಿದರು ಎಲ್ಲ ಬರೆದುಕೊಳ್ಳಲಿ.

ಊರಿಗೆ ಬಂದ ದಿನದ ಬಗ್ಗೆ ಜಾಸ್ತಿ ಬರೆಯಲು ಆಗುವುದಿಲ್ಲ. ರಸ್ತೆಯುದ್ದಕ್ಕೂ ಶಾಲೆ ಮಕ್ಕಳು ನಿಂತಿದ್ದರು. ಫ್ಲೆಕ್ಸ್‌ಗಳೂ ನಿಂತಿದ್ದವು. ಒಂದು ಫ್ಲೆಕ್ಸ್‌ನಲ್ಲಿ ಶ್ರದ್ಧಾಂಜಲಿ ಕೋರುವವರ ಮುಖಗಳೆಲ್ಲ ದೊಡ್ಡದಾಗಿ, ತಮ್ಮನ ಮುಖ ಅಂಚೆ ಚೀಟಿಯಷ್ಟು. ನನ್ನ ಗೆಳತಿ ಅದನ್ನು ಬಿಚ್ಚಿಸಿದಳು. ನಮ್ಮ ತೋಟದಲ್ಲೇ ಮಣ್ಣು ಮಾಡಿದೆವು. ಕುಶಾಲು ತೋಪು ಹಾರಿಸಿದರು, ಬಿಗಲ್ ಊದಿದರು, ಪೆಟ್ಟಿಗೆಯ ಮೇಲಿದ್ದ ಬಾವುಟವನ್ನು ಮಡಚಿ ಅವ್ವನ ಕೈಗೆ ಕೊಟ್ಟರು. ಕೆಲವರು "ಅವನ ಜೊತೆಗೇ ಹಾಕಿ" ಅಂತ ಗಲಾಟೆ ಮಾಡಿದರು. ಹಾಗೆ ಮಾಡುವಂತಿಲ್ಲ. ಧ್ವಜ ಸಂಹಿತೆ ಪ್ರಕಾರ ಬಾವುಟವನ್ನು ಗುಂಡಿಗೆ ಇಳಿಸುವ ಹಾಗಿಲ್ಲ, ಚಿತೆಯಲ್ಲಿ ಸುಡುವ ಹಾಗೂ ಇಲ್ಲ. ಅದು ಮನೆಯವರಿಗೇ ಸೇರುತ್ತದೆ.

ಅವತ್ತು ಮೈಕ್‌ನಲ್ಲಿ ಬಂದ ಭರವಸೆಗಳು ಬಹಳ. ಊರ ಸರ್ಕಲ್‌ನಲ್ಲಿ ಪ್ರತಿಮೆ, ರಸ್ತೆಗೆ ಹೆಸರು, ಶಾಲೆಗೆ ಹೆಸರು, ಸೈಟು, ನನಗೊಂದು ಕೆಲಸ. ಹನ್ನೊಂದನೇ ದಿನದ ತಿಥಿ ಮುಗಿದ ಮೇಲೆ ಅದರಲ್ಲಿ ಒಂದಕ್ಕೂ ವಾರಸುದಾರರಿಲ್ಲ. ಅವರೆಲ್ಲ ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಬಾಯಲ್ಲಿ ಹೇಳಿದ್ದು ಕಚೇರಿಯ ಲೆಕ್ಕಕ್ಕೆ ಬರುವುದಿಲ್ಲ, ಅಷ್ಟೆ. ಯಾರು ಏನು ಹೇಳಿದರು ಅಂತ ಪೇಪರ್ ಕಟಿಂಗ್ ಇಟ್ಟುಕೊಳ್ಳಿ. ಒಂದೊಂದಕ್ಕೂ ಬೇರೆ ಬೇರೆ ಮನವಿ ಬರೆದು ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಎದ್ದು ಬರಬೇಡಿ.

ಇನ್ನು ಕಾಗದಪತ್ರ. ಮೊದಲು ಹೋಗಬೇಕಾದದ್ದು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ. ನಿಮ್ಮ ಜಿಲ್ಲೆಯನ್ನು ಯಾವ ಊರಿನ ಕಚೇರಿ ನೋಡಿಕೊಳ್ಳುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ನಮಗೆ ದಾರಿ ತೋರಿಸಿದ್ದು ಅಲ್ಲಿ ಸಿಕ್ಕಿದ ಒಬ್ಬ ನಿವೃತ್ತ ಸುಬೇದಾರರು. "ಅಮ್ಮಾ, ದುಡ್ಡಿನ ವಿಚಾರ ಆಮೇಲೆ. ಮೊದಲು ಅವನ ಸಾವನ್ನು ಯಾವ ವರ್ಗದಲ್ಲಿ ಬರೆದಿದ್ದಾರೆ ನೋಡು" ಅಂದರು.

ಆ ಮಾತು ನೂರಕ್ಕೆ ನೂರು ಸರಿ. ಬ್ಯಾಟಲ್ ಕ್ಯಾಷುಯಲ್ಟಿ (ಕಾರ್ಯಾಚರಣೆಯಲ್ಲಿ ಆದ ಸಾವು) ಅಂತ ಬರೆದಿದ್ದಾರಾ, ಫಿಸಿಕಲ್ ಕ್ಯಾಷುಯಲ್ಟಿ (ಕಾರ್ಯಾಚರಣೆಯ ಹೊರಗೆ ಆದ ಸಾವು) ಅಂತ ಬರೆದಿದ್ದಾರಾ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ಪಿಂಚಣಿ ಯಾವ ಬಗೆಯದು, ಪರಿಹಾರ ಎಷ್ಟು, ಕೊನೆಗೆ ದೆಹಲಿಯ ಗೋಡೆಯ ಮೇಲೆ ಹೆಸರು ಬರುತ್ತದಾ ಇಲ್ಲವಾ, ಎಲ್ಲವೂ. ಶತ್ರುವಿನ ಗುಂಡೇ ತಾಗಬೇಕು ಅಂತೇನಿಲ್ಲ. ಸಿಯಾಚಿನ್‌ನಂಥ ಕಡೆ ಆಪರೇಷನ್‌ನಲ್ಲಿದ್ದಾಗ ಹಿಮ ಬಿದ್ದು ಹೋದರೂ ಬ್ಯಾಟಲ್ ಕ್ಯಾಷುಯಲ್ಟಿಯಲ್ಲಿ ಸೇರುತ್ತದೆ. ಅಲ್ಲಿ 1984ರ ಏಪ್ರಿಲ್‌ನಿಂದ ಆಪರೇಷನ್ ಮೇಘದೂತ್ ನಡೆಯುತ್ತಲೇ ಇದೆ. ಆ ಪ್ರಮಾಣಪತ್ರ ಯೂನಿಟ್‌ನಿಂದ, ರೆಕಾರ್ಡ್ಸ್‌ನಿಂದ (ಸೇನೆಯ ದಾಖಲೆ ಕಚೇರಿ) ಬರಬೇಕು. "ಹುತಾತ್ಮ ಎಂಬ ಸರ್ಟಿಫಿಕೇಟ್ ತನ್ನಿ" ಎಂದು ನಮ್ಮ ಕಡೆಯ ಒಂದು ಕಚೇರಿಯವರು ಬಹಳ ದಿನ ಸತಾಯಿಸಿದರು. ಅಂಥ ಸರ್ಟಿಫಿಕೇಟನ್ನು ಸೇನೆ ಕೊಡುವುದೇ ಇಲ್ಲ. ಬ್ಯಾಟಲ್ ಕ್ಯಾಷುಯಲ್ಟಿ ಸರ್ಟಿಫಿಕೇಟೇ ಸಾಕು ಎಂದು ಸೈನಿಕ ಕಲ್ಯಾಣ ಇಲಾಖೆಯಿಂದ ಪತ್ರ ತಂದುಕೊಟ್ಟ ಮೇಲೆ ಫೈಲ್ ಅಲುಗಿತು.

ಮರಣ ಪ್ರಮಾಣಪತ್ರ ಇನ್ನೊಂದು ತೊಡಕು. ನಾವು ಪಂಚಾಯಿತಿಗೆ ಹೋಗಿ ಕೇಳಿದೆವು. ಕಣ್ಣೆದುರೇ ಮಣ್ಣು ಮಾಡಿದ್ದರೂ ಅವರು ಕೊಡುವ ಹಾಗಿಲ್ಲ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ ಆಗಬೇಕು, ಅದು ಕಾನೂನು. ಹಾಗಾಗಿ ಅದು ಲಡಾಖ್‌ನಿಂದ ಯೂನಿಟ್ ಮೂಲಕ ಬರುವವರೆಗೆ ಬ್ಯಾಂಕಿನ ಕೆಲಸ ಒಂದೂ ನಡೆಯಲಿಲ್ಲ. ಬಂದ ತಕ್ಷಣ ಹೆಸರಿನ ಸ್ಪೆಲ್ಲಿಂಗ್ ನೋಡಿ. ಮೂಲ ಪ್ರತಿಗಳನ್ನು ಒಂದಷ್ಟು ಜಾಸ್ತಿಯೇ ತರಿಸಿಕೊಳ್ಳಿ, ಎಲ್ಲರೂ ಮೂಲವನ್ನೇ ಕೇಳುತ್ತಾರೆ.

ಸ್ಪೆಲ್ಲಿಂಗ್ ಅಂದೆನಲ್ಲ, ನಮ್ಮ ಕಡೆಯವರಿಗೆ ಇದೇ ದೊಡ್ಡ ಪೀಡೆ. ಸೇನೆಯ ದಾಖಲೆಯಲ್ಲಿ ಅವ್ವನ ಹೆಸರಿನ ಕೊನೆಗೆ 'ಅಮ್ಮ' ಇಲ್ಲ. ಆಧಾರ್‌ನಲ್ಲಿ ಇದೆ. ಬ್ಯಾಂಕಿನ ಪಾಸ್‌ಬುಕ್‌ನಲ್ಲಿ 'ಅಮ್ಮ'ನ ಜೊತೆ ಒಂದು ಇನಿಷಿಯಲ್ಲೂ ಇದೆ. ಕಂಪ್ಯೂಟರಿಗೆ ಇವರು ಮೂವರು ಹೆಂಗಸರು! ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಮಾಡಿಸಿ, ರೆಕಾರ್ಡ್ಸ್‌ಗೆ ಕಳಿಸಿ ತಿದ್ದಿಸಬೇಕಾಯಿತು. ಸೇನೆಯಲ್ಲಿ ಈಗ ಕೆಲಸ ಮಾಡುತ್ತಿರುವ ಹುಡುಗರು ಯಾರಾದರೂ ಇದನ್ನು ಓದುತ್ತಿದ್ದರೆ, ಮುಂದಿನ ರಜೆಗೆ ಬಂದಾಗ ಅಪ್ಪ ಅವ್ವನ ಆಧಾರ್, ಪಾಸ್‌ಬುಕ್ ನೋಡಿ ನಿಮ್ಮ ದಾಖಲೆ ಜೊತೆ ಹೊಂದಿಸಿಕೊಳ್ಳಿ. ನಾಮಿನಿ ಯಾರು ಅಂತಲೂ ನೋಡಿಕೊಳ್ಳಿ. ಮದುವೆ ಆದವರಂತೂ ಇದನ್ನು ಮುಂದೂಡಲೇಬೇಡಿ. ಅತ್ತೆ ಸೊಸೆ ಒಟ್ಟಿಗೆ ಅತ್ತು, ಆಮೇಲೆ ಕೋರ್ಟಿನಲ್ಲಿ ಎದುರುಬದುರು ನಿಂತ ಮನೆಗಳನ್ನು ಈ ಓಡಾಟದಲ್ಲಿ ಕಂಡಿದ್ದೇನೆ.

ವಂಶವೃಕ್ಷ ನಾಡಕಚೇರಿಯಲ್ಲಿ ಸಿಗುತ್ತದೆ. ಅದು ಸಲೀಸು.

ದುಡ್ಡಿನ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೇಂದ್ರದ ಎಕ್ಸ್‌ಗ್ರೇಷಿಯಾ, ಅಂದರೆ ಒಂದೇ ಸಲ ಕೊಡುವ ಪರಿಹಾರಧನ, ಎಲ್ಲರಿಗೂ ಒಂದೇ ಅಲ್ಲ. 7ನೇ ವೇತನ ಆಯೋಗದ ನಂತರ ಬಂದ ಲೆಕ್ಕದಲ್ಲಿ ಸಾವಿನ ಸಂದರ್ಭ ನೋಡಿ 25, 35, 45 ಲಕ್ಷ ಅಂತ ಮೂರು ಹಂತ ಇದ್ದವು. ಸೇನೆಯ ಗ್ರೂಪ್ ಇನ್ಶೂರೆನ್ಸ್ ಬೇರೆ. ಸಂಬಳದ ಖಾತೆ ಇದ್ದ ಬ್ಯಾಂಕಿನ ಡಿಫೆನ್ಸ್ ಪ್ಯಾಕೇಜಿನಲ್ಲಿ ಇನ್ನೊಂದು ವಿಮೆ ಇರುತ್ತದೆ, ಬಹಳ ಜನ ಇದನ್ನು ಕೇಳುವುದೇ ಇಲ್ಲ. ರಾಜ್ಯ ಸರ್ಕಾರದ್ದು ಜಿಲ್ಲಾಡಳಿತದ ಮೂಲಕ ಬರುತ್ತದೆ. ಮದುವೆಯಾಗದವನ ತಂದೆ ತಾಯಿಗೂ ಪಿಂಚಣಿ ಉಂಟು. ಅದು ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ವರ್ಷಕ್ಕೊಮ್ಮೆ ಜೀವಂತ ಇದ್ದೇವೆ ಅಂತ ತೋರಿಸಬೇಕು. ಅಗ್ನಿಪಥ್ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಸೇರುವ ಅಗ್ನಿವೀರರ ಲೆಕ್ಕ ಪೂರ್ತಿ ಬೇರೆ. ಅವರಿಗೆ ಯೋಜನೆ ಶುರುವಾದಾಗಲೇ 48 ಲಕ್ಷದ ವಿಮೆ, 44 ಲಕ್ಷದ ಎಕ್ಸ್‌ಗ್ರೇಷಿಯಾ ಅಂತ ಗೊತ್ತುಮಾಡಿದ್ದರು, ಮಾಮೂಲಿ ಪಿಂಚಣಿ ಇಲ್ಲ. ನಮ್ಮ ಕಥೆಯನ್ನು ಅವರಿಗೆ ಹೊಂದಿಸಬೇಡಿ.

ಪೇಪರಿನಲ್ಲಿ ಪರಿಹಾರದ ಮೊತ್ತ ಅಚ್ಚಾದ ಮಾರನೇ ದಿನದಿಂದ ಸೈಟು ಮಾರುವವರು, ಚೀಟಿ ನಡೆಸುವವರು, "ನಾವು ಬೇಗ ಮಾಡಿಸಿಕೊಡ್ತೀವಿ, ಸ್ವಲ್ಪ ಖರ್ಚಾಗುತ್ತೆ" ಅನ್ನುವವರು ಸಾಲಾಗಿ ಬಂದರು. ಒಬ್ಬನಂತೂ ಸೇನೆಯ ಕಚೇರಿಯಿಂದ ಅಂತ ಹೇಳಿ ಒಟಿಪಿ ಕೇಳಿದ. ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ. ನಮಗೆ ಆದ ಖರ್ಚು ಅಂದರೆ ನೋಟರಿ, ಜೆರಾಕ್ಸ್, ಬಸ್ಸು, ಕೂಲಿ ಬಿಟ್ಟು ಹೋದ ದಿನಗಳು. ಕೊನೆಯದೇ ಜಾಸ್ತಿ.

ಇದರ ನಡುವೆ ಟ್ರಂಕು ಬಂತು. ಕಪ್ಪು ಕಬ್ಬಿಣದ್ದು, ಮೇಲೆ ಬಿಳಿ ಬಣ್ಣದಲ್ಲಿ ಅವನ ನಂಬರ್, ಹೆಸರು. ಒಳಗಿನ ಸಾಮಾನಿಗೆಲ್ಲ ಪಟ್ಟಿ ಮಾಡಿ ಕಳಿಸಿದ್ದರು. ಒಂದೊಂದನ್ನೂ ಟಿಕ್ ಹಾಕಿ ಸಹಿ ಮಾಡಬೇಕು. ಉಣ್ಣೆ ಟೋಪಿ, ಶೇವಿಂಗ್ ಸೆಟ್, ಅರ್ಧ ಸವೆದ ಮೈಸೂರ್ ಸ್ಯಾಂಡಲ್ ಸೋಪು, ಒಂದು ಸ್ಟೀಲ್ ಡಬ್ಬಿ. ಪಟ್ಟಿಯಲ್ಲಿ 'ಡಬ್ಬಿ, ಒಂದು' ಅಂತ ಇತ್ತು. ಮುಚ್ಚಳ ತೆಗೆದರೆ ತಳದಲ್ಲಿ ಅವ್ವ ಮಾಡಿ ಕಳಿಸಿದ್ದ ಹುಚ್ಚೆಳ್ಳು ಚಟ್ನಿಪುಡಿ, ಗಟ್ಟಿಯಾಗಿ ಅಂಟಿಕೊಂಡಿತ್ತು. ಅವ್ವ ಅದನ್ನು ಇನ್ನೂ ತೊಳೆದಿಲ್ಲ. ಟ್ರಂಕು ಬರುವ ದಿನ ಮನೆಯಲ್ಲಿ ಒಬ್ಬಿಬ್ಬರು ಹತ್ತಿರದವರು ಇರುವ ಹಾಗೆ ನೋಡಿಕೊಳ್ಳಿ. ಮಣ್ಣು ಮಾಡಿದ ದಿನಕ್ಕಿಂತ ಅವತ್ತೇ ನಮಗೆ ಕಷ್ಟವಾಯಿತು.

ಈಗ ಪ್ರತಿಮೆಯ ವಿಷಯ. ಊರಿನವರು ಹಟ ಹಿಡಿದಿದ್ದರು. ಸರ್ಕಲ್‌ನಲ್ಲಿ ಆಳೆತ್ತರದ ಪ್ರತಿಮೆ, ಕೈಯಲ್ಲಿ ಗನ್ನು. ಚಂದಾ ಎತ್ತುವುದಕ್ಕೂ ಶುರುವಾಗಿತ್ತು. ಅನುಮತಿಗೆ ಹೋದಾಗ ಎಂಜಿನಿಯರ್ ಒಂದು ಆದೇಶದ ಪ್ರತಿ ತೆಗೆದು ತೋರಿಸಿದರು. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಹೇಳಿದ್ದು: ಸಾರ್ವಜನಿಕ ರಸ್ತೆ, ಫುಟ್‌ಪಾತ್, ರಸ್ತೆ ಬದಿ, ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆ ಇಡಲು, ಕಟ್ಟಡ ಕಟ್ಟಲು ರಾಜ್ಯಗಳು ಅನುಮತಿ ಕೊಡಬಾರದು. ಕೇರಳದ ಒಂದು ಪ್ರತಿಮೆಯ ತಕರಾರಿನಿಂದ ಬಂದ ಆದೇಶ ಅದು. "ನಾಳೆ ಯಾರೋ ಒಬ್ಬ ಕೋರ್ಟಿಗೆ ಹೋದರೆ ನಿಮ್ಮ ತಮ್ಮನ ಪ್ರತಿಮೆಯನ್ನು ನಾವೇ ಬಂದು ತೆಗೆಯಬೇಕಾಗುತ್ತೆ, ಅದು ಬೇಡ ಅಲ್ವಾ?" ಅಂದರು. ಊರಿನ ಹುಡುಗರಿಗೆ ಸಿಟ್ಟು ಬಂತು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಅಷ್ಟು ದಿನದಲ್ಲಿ ಆಗಲ್ಲ ಎಂದು ನೇರವಾಗಿ ಹೇಳಿದವರು ಅವರೊಬ್ಬರೇ.

ದಾರಿ ಕಂಡದ್ದು ನಮ್ಮೂರ ಕೆರೆ ಏರಿಯ ಮೇಲೆ. ಅಲ್ಲೊಂದು ಹಳೇ ವೀರಗಲ್ಲಿದೆ. ಅರ್ಧ ಹೂತು ಹೋಗಿದೆ, ಹಬ್ಬದ ದಿನ ಯಾರಾದರೂ ಅರಿಶಿನ ಹಚ್ಚುತ್ತಾರೆ. ಕೆಳಗೆ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು. ಮೂರು ಅಂತಸ್ತು. ಅಂಥ ಕಲ್ಲುಗಳು ನಮ್ಮ ಕಡೆ ಊರಿಗೊಂದು ಇವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಸಿಕ್ಕಿದ ಕಿತ್ತಯ್ಯನ ಕಲ್ಲು ಸುಮಾರು ಕ್ರಿ.ಶ. 750ರದು. ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 949-50ರ ಹೊತ್ತಿಗೆ, ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೇ ಕಲ್ಲು ನಿಲ್ಲಿಸಿದ್ದಾರೆ. ಸತ್ತವನ ಮನೆಯವರಿಗೆ ಹೊಲ ಬಿಟ್ಟುಕೊಡುವ ಪದ್ಧತಿಯೂ ಆಗ ಇತ್ತು, ಅದನ್ನು ಕಲ್ಲಿನ ಮೇಲೇ ಬರೆಯುತ್ತಿದ್ದರು. "ಪ್ರತಿಮೆ ಯಾಕೆ, ನಮ್ಮ ಜಮೀನಿನಲ್ಲೇ ಒಂದು ವೀರಗಲ್ಲು ನಿಲ್ಲಿಸೋಣ" ಅಂತ ಚಿಕ್ಕಪ್ಪ ಅಂದರು. ಊರಿಗೆ ಬರುವ ದಾರಿಗೆ ನಮ್ಮ ಗದ್ದೆಯ ಅಂಚು ತಾಗುತ್ತದೆ. ಸರ್ವೆಯವರಿಂದ ಅಳೆಸಿ, ರಸ್ತೆಗೆ ಬಿಡಬೇಕಾದ ಜಾಗ ಬಿಟ್ಟು, ಪಂಚಾಯಿತಿಗೆ ಪತ್ರ ಕೊಟ್ಟೆವು. ಸ್ವಂತ ಜಮೀನಾದರೂ ಅಳೆಸದೆ ಕಲ್ಲು ನಿಲ್ಲಿಸಬೇಡಿ. ನಾಳೆ ರಸ್ತೆ ಅಗಲ ಮಾಡಿದರೆ ಮೊದಲು ಹೋಗುವುದು ಅದೇ.

ಕಲ್ಲಿನ ಕೆಲಸಕ್ಕೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದೆವು. ಊರಿಗೆ ಊರೇ ಶಿಲ್ಪಿಗಳು, ಬೀದಿಯಲ್ಲಿ ಕಾಲಿಟ್ಟರೆ ಉಳಿಯ ಸದ್ದು. ಶಿಲ್ಪಿ ಕೇಳಿದ ಮೊದಲ ಪ್ರಶ್ನೆ: "ಕೆಳಗಿನ ಅಂತಸ್ತಿನಲ್ಲಿ ಏನು ಕೆತ್ತಲಿ? ಹಳೇ ಕಲ್ಲಲ್ಲಾದರೆ ಕತ್ತಿ, ಕುದುರೆ." ಅಪ್ಪ ಗನ್ನು ಅಂದರು. ನಮ್ಮ ಜೊತೆ ತಮ್ಮನ ಯೂನಿಟ್ಟಿನ ಗೆಳೆಯನೊಬ್ಬ ಬಂದಿದ್ದ, ರಜೆಯಲ್ಲಿದ್ದ. ಅವನು ಮೆಲ್ಲಗೆ ಹೇಳಿದ, "ಅಪ್ಪಾಜಿ, ಅವನ ಕೈಯಲ್ಲಿ ಯಾವಾಗಲೂ ಇರ್ತಿದ್ದುದು ಸಲಿಕೆ. ದಾರಿ ಮೇಲೆ ಬಿದ್ದ ಹಿಮ ತೆಗೆಯೋದೇ ನಮ್ಮ ಕೆಲಸ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬರ ಹಿಂದೆ ಒಬ್ಬರು ನಡೀತೀವಿ." ಅಪ್ಪ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಶಿಲ್ಪಿಗೆ, "ಸಲಿಕೆನೇ ಹೊಡಿಯಪ್ಪ. ಹಿಡಿ ಸ್ವಲ್ಪ ಉದ್ದ ಇರಲಿ" ಅಂದರು. ಈಗ ಕಲ್ಲಿನಲ್ಲಿ ಗನ್ನಿಲ್ಲ. ಬೆಟ್ಟ ಇದೆ, ಒಂದೇ ಹಗ್ಗಕ್ಕೆ ಕಟ್ಟಿಕೊಂಡ ನಾಲ್ಕು ಜನ ಇದ್ದಾರೆ, ಮುಂದಿರುವವನ ಕೈಯಲ್ಲಿ ಸಲಿಕೆ.

ಕಲ್ಲು ಮಾಡಿಸುವವರಿಗೆ ಒಂದೆರಡು ಮಾತು. ದರ ಗಟ್ಟಿ ಮಾಡುವಾಗ ಕಲ್ಲು, ಕೆತ್ತನೆ, ಅಕ್ಷರ, ಸಾಗಣೆ, ನಿಲ್ಲಿಸುವ ಕೂಲಿ ಎಲ್ಲ ಬಿಡಿಸಿ ಬರೆಸಿಕೊಳ್ಳಿ. ಕಲ್ಲಿಗಿಂತ ಸಾಗಣೆ ಮತ್ತು ಕ್ರೇನ್ ನಮ್ಮ ಲೆಕ್ಕ ತಪ್ಪಿಸಿತು. ಬರಹವನ್ನು ಮೊದಲು ಕಾಗದದಲ್ಲಿ ಅದೇ ಅಳತೆಗೆ ಬರೆಸಿ, ಮನೆಯವರು ಇಬ್ಬರು ಓದಿ, ಆಮೇಲೆ ಉಳಿ ಇಡಲಿ. ನಂಬರ್, ದರ್ಜೆ, ಯೂನಿಟ್ ಸೇನೆಯ ಪತ್ರದಲ್ಲಿ ಇದ್ದ ಹಾಗೇ ಇರಲಿ. ದಾನಿಗಳ ಹೆಸರು ಹಾಕಿ ಅಂತ ಒತ್ತಾಯ ಬರುತ್ತದೆ. ಚಂದಾ ಕೊಟ್ಟವರಿಗೆಲ್ಲ ದುಡ್ಡು ವಾಪಸ್ ಮಾಡಿ ನಾವು ಅದರಿಂದ ತಪ್ಪಿಸಿಕೊಂಡೆವು.

ಕೆತ್ತನೆ ನಡೆಯುತ್ತಿದ್ದಾಗಲೇ ದೆಹಲಿಯ ಕರೆ ಬಂತು. ಇಂಡಿಯಾ ಗೇಟ್ ಪಕ್ಕದ ರಾಷ್ಟ್ರೀಯ ಯುದ್ಧ ಸ್ಮಾರಕ 2019ರ ಫೆಬ್ರುವರಿ 25ರಂದು ಶುರುವಾದದ್ದು. ಸ್ವಾತಂತ್ರ್ಯದ ನಂತರ ಕಾರ್ಯಾಚರಣೆಗಳಲ್ಲಿ ತೀರಿಕೊಂಡ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರು ಅಲ್ಲಿವೆ. ತ್ಯಾಗ ಚಕ್ರ ಅಂತ ಸುತ್ತು ಸುತ್ತಾಗಿ ಗೋಡೆಗಳು, ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಬಿಲ್ಲೆ, ಬಂಗಾರದ ಬಣ್ಣದ ಅಕ್ಷರ. ನಮ್ಮ ವಿಷಯದಲ್ಲಿ ಹೆಸರು ಸೇರಿಸುವ ಕೆಲಸ ಯೂನಿಟ್, ರೆಕಾರ್ಡ್ಸ್ ಕಡೆಯಿಂದಲೇ ನಡೆಯಿತು. ಅಲ್ಲಿ ಪ್ರತಿ ಸಂಜೆ ಒಬ್ಬ ಯೋಧನ ಮನೆಯವರ ಕೈಯಿಂದ ಪುಷ್ಪಚಕ್ರ ಇಡಿಸುತ್ತಾರೆ. ಅವತ್ತು ಅವ್ವನ ಸರದಿ.

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಹೋದೆವು. ವಯಸ್ಸಾದವರ ಜೊತೆ ಹೋಗುವವರು ಒಂದು ದಿನ ಮೊದಲೇ ತಲುಪಿ, ಸ್ಮಾರಕವನ್ನು ಬೆಳಿಗ್ಗೆ ಸುಮ್ನೆ ಒಂದು ಸುತ್ತು ನೋಡಿ. ಪ್ರವೇಶಕ್ಕೆ ದುಡ್ಡಿಲ್ಲ. ಸಂಜೆ ಜನ ಜಾಸ್ತಿ, ಕಾರ್ಯಕ್ರಮದ ಗಡಿಬಿಡಿಯಲ್ಲಿ ಹೆಸರಿನ ಹತ್ತಿರ ನಿಲ್ಲಲು ಆಗುವುದಿಲ್ಲ. ನಾವು ಬೆಳಿಗ್ಗೆಯೇ ಹುಡುಕಿದೆವು. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿ ಹೇಳಿದೆ. ಅವಳು ಅಕ್ಕಪಕ್ಕದ ಬಿಲ್ಲೆಗಳನ್ನೂ ಓದು ಅಂದಳು. "ಇವರು ಯಾವೂರವರು?" ಅಂತ ಕೇಳಿದಳು. ಅದು ಅಲ್ಲಿ ಬರೆದಿರಲಿಲ್ಲ.

ಸಂಜೆಯ ಕಾರ್ಯಕ್ರಮ ಚಿಕ್ಕದು, ಶಿಸ್ತಾದದ್ದು. ಭಾಷಣ ಇಲ್ಲ. ನಮ್ಮೂರಿನ ಮೈಕ್ ಕೇಳಿ ಬಂದ ನನಗೆ ಅದೇ ದೊಡ್ಡ ಸಮಾಧಾನ.

ಊರಲ್ಲಿ ಕಲ್ಲು ನಿಲ್ಲಿಸುವ ದಿನ ಯಾರನ್ನೂ ವಿಶೇಷವಾಗಿ ಕರೆಯಲಿಲ್ಲ. ಗೊತ್ತಾದವರು ಬಂದರು. ಮುದ್ದೆ, ಅವರೆಕಾಳು ಸಾರು ಮಾಡಿದ್ದೆವು. ಶಾಲೆಗೆ ಹೆಸರಿಡುವ ಫೈಲ್ ಇನ್ನೂ ಎಲ್ಲೋ ಇದೆ, ಅದರ ಹಿಂದೆ ಓಡುವುದನ್ನು ಬಿಟ್ಟಿದ್ದೇವೆ. ಅದರ ಬದಲು ಅವನು ಓದಿದ ಸರ್ಕಾರಿ ಶಾಲೆಯಲ್ಲಿ ಒಂದು ದತ್ತಿ ಇಟ್ಟಿದ್ದೇವೆ. ಫಿಕ್ಸೆಡ್ ಡೆಪಾಸಿಟ್ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಖಾತೆಯಲ್ಲಿದೆ, ಬಡ್ಡಿಯಲ್ಲಿ ವರ್ಷಕ್ಕೆ ಇಬ್ಬರು ಮಕ್ಕಳಿಗೆ ಬಹುಮಾನ. ಹೆಡ್‌ಮಾಸ್ಟರ್ ವರ್ಗವಾಗಿ ಹೋದರೆ ಇಂಥವು ಮರೆತೇ ಹೋಗುತ್ತವೆ. ಅದಕ್ಕೇ ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಬರೆಸಿ, ಅದರ ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಕೊಟ್ಟಿದ್ದೇನೆ. ಬಹುಮಾನ ಜಾಸ್ತಿ ಮಾರ್ಕ್ಸ್ ತೆಗೆದವರಿಗೆ ಅಲ್ಲ, ಆ ವರ್ಷ ಒಂದು ದಿನವೂ ಶಾಲೆ ತಪ್ಪಿಸದವರಿಗೆ. ತಮ್ಮ ಯಾವತ್ತೂ ಫಸ್ಟ್ ಬಂದವನಲ್ಲ, ಆದರೆ ಜ್ವರ ಬಂದರೂ ಶಾಲೆಗೆ ಹೋಗುತ್ತಿದ್ದ. ಮೊದಲ ಬಹುಮಾನ ಈ ಆಗಸ್ಟ್ 15ಕ್ಕೆ.